ಯಮನಪ್ಪ ಮಾಸ್ತರರ ಚೀಟಿ

ನನ್ನನ್ನು ಹಸಿ ಉಸುಕಿನ ಮೇಲೆ ಕೂರಿಸಿ ಅಳತೆ ತೆಗೆದ ಮನುಷ್ಯರೆಂದರೆ ರಾಮದುರ್ಗದ ಟೇಲರ್ ಯಮನಪ್ಪ ಮಾಸ್ತರರೊಬ್ಬರೇ. ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ಮಲಪ್ರಭೆಯ ಉಸುಕು ಹರವಿ, ನೀರು ಚಿಮುಕಿಸಿ, ಅಂಗೈಯಿಂದ ಸಮ ಮಾಡಿ, ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿದರು. "ಕುಂದರ್ರಿ ಸಾವಕಾರ್ರ, ಸೈಕಲ್ ಮ್ಯಾಲ ಹೆಂಗ ಬಾಗತೀರಿ ಹಂಗ ಬಾಗಿ ಕುಂದರ್ರಿ" ಎಂದರು. ಬೀಜ-ಗೊಬ್ಬರದ ಅಂಗಡಿಯ ಮಾಲೀಕ, ದಾರಿಯಲ್ಲಿ ನಾಲ್ಕು ಜನ ಕೈ ಮುಗಿಯುವ ಮನೆತನದವನು, ನಾನು ಅವರ ಅಂಗಡಿಯ ಪರದೆಯ ಹಿಂದೆ ಪರಾತದಲ್ಲಿ ಕೂತೆ. ಎದ್ದಾಗ ಉಸುಕಿನಲ್ಲಿ ಎರಡು ಕುಳಿ ಬಿದ್ದಿದ್ದವು. ಅವುಗಳ ನಡುವೆ ಟೇಪು ಹಿಡಿದು, ಕಿವಿಯ ಸಂದಿಯ ಪೆನ್ಸಿಲು ತೆಗೆದು, ಅಳತೆಯ ವಹಿಯಲ್ಲಿ ಬರೆದುಕೊಂಡರು.

"ಸೀಟಿನ ಮ್ಯಾಲ ಮನಶ್ಯಾ ಕುಂದರೂದಿಲ್ರಿ, ಎರಡು ಎಲವು ಕುಂದರತಾವ. ನಿಮ್ಮ ಎಲವು ಎಲ್ಲೆಲ್ಲಿ ಅದಾವ ಅಂತ ಆ ಚಡ್ಡಿ ಕಂಪನಿಯವಗ ಏನ್ ಗೊತ್ತು?" ಎಂದು ಪರಾತದ ಉಸುಕನ್ನು ಮತ್ತೆ ಸಮ ಮಾಡಿದರು. ನನ್ನ ಹಿಂದೆ ದಂತವೈದ್ಯ ಮಹಾಂತೇಶ, ಅವನ ಹಿಂದೆ ಹೈಸ್ಕೂಲಿನ ಆಟದ ಮಾಸ್ತರ ಈರಣ್ಣ ಸರದಿಯಲ್ಲಿ ನಿಂತಿದ್ದರು.

ನಾವು ಮೂವರೂ ನಲವತ್ತು ದಾಟಿದ ಮೇಲೆ ಸೈಕಲ್ಲಿನ ಹುಚ್ಚು ಹಚ್ಚಿಕೊಂಡವರು. ಮಹಾಂತೇಶನಿಗೆ ಸಕ್ಕರೆ ಕಾಯಿಲೆಯ ಭಯ, ಈರಣ್ಣನಿಗೆ ಹೊಟ್ಟೆಯ ಭಯ, ನನಗೆ ಈ ಇಬ್ಬರು ಏನಾದರೂ ಮಾಡಿದರೆ ನಾನು ಹಿಂದೆ ಬಿದ್ದೇನೆಂಬ ಭಯ. ದಪ್ಪ ಗಾಲಿಯ ಗೇರ್ ಸೈಕಲ್ಲು ಬಂದವು, ಹೆಲ್ಮೆಟ್ಟು, ಕೈಗವಸು, ಕಪ್ಪು ಕನ್ನಡಕ ಬಂದವು. ಕೊನೆಗೆ ಮೈಗಂಟುವ, ಒಳಗೆ ಮೆತ್ತೆಯಿರುವ ಚಡ್ಡಿಯೂ ಬಂತು. ಅದನ್ನು ತೊಟ್ಟು ಬಜಾರದಲ್ಲಿ ಹಾಯುವಾಗ ಚಹದ ಅಂಗಡಿಯವರು ಹೊಟ್ಟೆಗೆ ಹಿಟ್ಟಿಲ್ಲದ, ಜುಟ್ಟಿಗೆ ಮಲ್ಲಿಗೆ ಹೂವಿನ ಗಾದೆ ನೆನೆದರು. ನಮಗೆ ಹಿಟ್ಟಿಗೇನೂ ಕೊರತೆ ಇರಲಿಲ್ಲ, ಆದರೂ ಗಾದೆ ನಾಟಿತು. ಸುರೇಬಾನದ ಆಚೆಯ ಗುಡ್ಡ ಹತ್ತಿಳಿದು ಬಂದ ಮೇಲೆ ಮೂರು ದಿನ ನಾನು ಅಂಗಡಿಯ ಗಾದಿಯ ಮೇಲೆ ಕೂರಲಾಗದೆ ನಿಂತೇ ವ್ಯಾಪಾರ ಮಾಡಿದೆ. ಕಂಪನಿಯ ಮೆತ್ತೆ ಒಂದು ಕಡೆ, ನಾನು ಇನ್ನೊಂದು ಕಡೆ. ಹೊಲಿಗೆ ಹಾಕಿಸಿ ಸರಿ ಮಾಡಿಸೋಣವೆಂದು ಆ ಚಡ್ಡಿಯನ್ನು ಮಾಸ್ತರರ ಬಳಿಗೆ ಒಯ್ದದ್ದು, ಅವರು ಅದನ್ನು ಬಿಚ್ಚಿ ನೋಡಿ ನಕ್ಕದ್ದು, ಪರಾತ ತಂದದ್ದು.

ಮಾಸ್ತರರು ಸಣ್ಣ ಮೈಯವರು. ಬಿಳಿ ಪೈಜಾಮ, ಕುತ್ತಿಗೆಯವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಹೆಗಲ ಮೇಲೆ ಟೇಪು. ಮಾತಾಡುವಾಗ ನಿಮ್ಮ ಮುಖ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ದಾರಿಯಲ್ಲಿ ಯಾರ ಅಂಗಿಯಿಂದಾದರೂ ದಾರ ಜೋತಾಡಿದರೆ, ಅವರು ತಹಶೀಲ್ದಾರರೇ ಇರಲಿ, ನಿಲ್ಲಿಸಿ ಬಾಯಿಂದ ಕಚ್ಚಿ ತೆಗೆದೇ ಬಿಡುವವರು. ದಾರ ಕಚ್ಚಿ ಕಚ್ಚಿ ಅವರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು. ಪುಕ್ಕಟೆ ತುಂಬಿಕೊಡುತ್ತೇನೆ ಎಂದು ಮಹಾಂತೇಶ ಎಷ್ಟು ಸಲ ಕರೆದರೂ, ಅದು ಹಲ್ಲಲ್ಲ ತನ್ನ ಕತ್ತರಿ, ಕತ್ತರಿಯ ಬಾಯಿ ಯಾರಾದರೂ ಮುಚ್ಚಿಸುತ್ತಾರೆಯೇ ಎನ್ನುತ್ತಿದ್ದರು.

ಮೊದಲ ಚಡ್ಡಿಗಳಿಗೆ ಅವರು ಗಾದಿಯ ಅರಳೆ ತುಂಬಿದ್ದರು. ಮಳೆಗಾಲ. ಸುರೇಬಾನದ ದಾರಿಯ ಹಳ್ಳ ದಾಟುವಾಗ ಅರಳೆ ಕುಡಿಯಬೇಕಾದಷ್ಟು ನೀರು ಕುಡಿಯಿತು. ಈರಣ್ಣ ಕಾಲಗಲಿಸಿಕೊಂಡು ಬಸ್ ನಿಲ್ದಾಣದ ಮುಂದೆ ನಡೆದು ಬಂದದ್ದನ್ನು ನೋಡಿ ಒಬ್ಬ ಮುದುಕಿ ನಿಜವಾದ ಕಾಳಜಿಯಿಂದ, "ಕುರ ಎದ್ದಾವೇನೋ ತಮ್ಮಾ?" ಎಂದು ಕೇಳಿದಳು. ಇದನ್ನು ವರದಿ ಮಾಡಿದಾಗ ಮಾಸ್ತರರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಗಂಭೀರವಾಗಿ ಮೂರೂ ಚಡ್ಡಿಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚತೊಡಗಿದರು.

"ಬಿಚ್ಚಿ ಹಾಕೂಣ್ರಿ. ಬಿಚ್ಚಿದ್ರ ಹೋಗೂದು ದಾರ ಅಷ್ಟ."

ಇದು ಅವರ ಮಂತ್ರ. ಕಾಲರು ಸೊಟ್ಟಾದರೂ ಇದೇ ಮಾತು, ಮಗಳ ಸಂಬಂಧ ಮುರಿದಾಗಲೂ ಇದೇ ಮಾತು. ಬೈಲಹೊಂಗಲದಲ್ಲಿ ಮೋಟರ್ ಸೈಕಲ್ ಸೀಟು ಹೊಲಿಯುವವರ ಹತ್ತಿರ ಹೋಗಿ ಗಟ್ಟಿ ಸ್ಪಂಜು ತಂದರು. ಅದನ್ನು ಹಾಳೆಯಂತೆ ಸೀಳಿ, ಎಲುಬು ಕೂರುವಲ್ಲಿ ಮೂರು ಪದರು, ಉಳಿದಲ್ಲಿ ಒಂದೇ ಪದರು ಇಟ್ಟರು. ಅಷ್ಟಕ್ಕೂ ನೆಮ್ಮದಿಯಾಗದೆ, ಒಂದು ಮುಂಜಾನೆ ಪೈಜಾಮದ ಒಳಗೆ ತಾವೇ ಆ ಚಡ್ಡಿ ತೊಟ್ಟು, ಬಟ್ಟೆ ಒಣಹಾಕುವ ಚಿಮಟಿಗೆಯಿಂದ ಪೈಜಾಮದ ಕಾಲು ಬಿಗಿದುಕೊಂಡು, ನನ್ನ ಸೈಕಲ್ಲು ಕೇಳಿದರು. ವಯಸ್ಸು ಅರವತ್ತು ದಾಟಿತ್ತು. ನಾನು ಗೇರು ತೋರಿಸಲು ಹೋದರೆ ಬೇಡವೆಂದರು. "ಏರ ಬಂದ್ರ ಇಳದು ನೂಕೂದು, ಇಳಕಲ ಬಂದ್ರ ಬ್ರೇಕ್ ಹಿಡಿಯೂದು. ಇದಕ್ಕ ಇಷ್ಟ್ಯಾಕ ಗೇರು?" ವಯಸ್ಸಿನಲ್ಲಿದ್ದಾಗ ಶಾಲೆಯ ಸಮವಸ್ತ್ರಗಳ ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಸೈಕಲ್ ಹೊಡೆದವರು. ಊರ ಹೊರಗಿನ ಕಲ್ಲುದಾರಿಯಲ್ಲಿ ಗುಡ್ಡದ ನೆತ್ತಿಯವರೆಗೆ ಹೋಗಿ, ಮೈಯೆಲ್ಲ ಧೂಳಾಗಿ ಮರಳಿ ಬಂದು, ಮಾತಾಡದೆ ಒಳಗೆ ಹೋಗಿ ಚಡ್ಡಿ ಬದಲಿಸಿ ಬಂದರು. ಮೆತ್ತೆ ಅರ್ಧ ಇಂಚು ಮುಂದೆ ಬರಬೇಕು, ಅಷ್ಟೇ ತಪ್ಪು ಎಂದರು. ಅರ್ಧ ಇಂಚು ಮುಂದೆ ಬಂದ ಆ ಚಡ್ಡಿ ತೊಟ್ಟು ನಾವು ಸವದತ್ತಿಯವರೆಗೆ ಹೋಗಿ ಬಂದೆವು. ಮರುದಿನ ನಾನು ಅಂಗಡಿಯ ಗಾದಿಯ ಮೇಲೆ ಆರಾಮಾಗಿ ಕೂತಿದ್ದೆ.

ಅವರು ಹೊಲಿದದ್ದೆಲ್ಲದರ ಒಳಮೈಗೆ ಒಂದು ಚೀಟಿ ಇರುತ್ತಿತ್ತು. ಬೆರಳಗಲದ ಕರಿ ಪಟ್ಟಿ, ಅದರ ಮೇಲೆ ಹಳದಿ ದಾರದಲ್ಲಿ ನೇಯ್ದ ಅಕ್ಷರ: ಯಮನಪ್ಪ ಟೇಲರ್, ರಾಮದುರ್ಗ. ಚಡ್ಡಿಯ ಸೊಂಟದ ಪಟ್ಟಿಯ ಒಳಗೂ ಅದನ್ನು ಕೈಹೊಲಿಗೆಯಿಂದ ಹಚ್ಚುತ್ತಿದ್ದರು, ಮಷೀನಿನಿಂದ ಎಂದೂ ಅಲ್ಲ. ಹೊರಗೆ ಕಾಣುವಂತೆ ಹಚ್ಚಿರಿ ಎಂದು ಈರಣ್ಣ ಹೇಳಿದ. ತೊಡುವವನಿಗೊಬ್ಬನಿಗೆ ಕಂಡರೆ ಸಾಕು ಎಂದರು. ಚೀಟಿಯ ಮೇಲೆ ಇಷ್ಟು ಪ್ರೀತಿ ಯಾಕೆಂದು ನಾನೇ ಒಮ್ಮೆ ಚೇಷ್ಟೆಗೆ ಕೇಳಿದ್ದೆ. ಅವರು ಮಷೀನು ನಿಲ್ಲಿಸಿದರು.

"ನಮ್ಮಪ್ಪ ನಿಮ್ಮ ಅಜ್ಜಾರ ಬಾವಿಗೆ ನೀರೆತ್ತೂ ತೊಗಲಿನ ಚೀಲ ಹೊಲದು ಕೊಡತಿದ್ರಿ. ಹನಿ ನೀರ ಸೋರತಿರಲಿಲ್ಲ. ಊರ ಮಂದಿ ಏನಂತಿದ್ರು? ಸಾವಕಾರ್ರ ಬಾವಿ ಚೀಲ ಭಾಳ ಚಲೋ ಐತಿ ಅಂತಿದ್ರು. ಹೊಲದಾಂವನ ಹೆಸರು ಒಬ್ಬರ ಬಾಯಾಗೂ ಬರಲಿಲ್ರಿ. ಅದಕ್ಕ ನಾ ಅಂಗಡಿ ತಗಿಯೂ ಮುಂದ ಮೊದಲ ಚೀಟಿ ನೇಯಿಸಿದೆ, ಬೋರ್ಡು ಆಮ್ಯಾಲ ಬರಸಿದೆ."

ಅವರ ಅಂಗಡಿಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅವರ ಮನೆ ಊರ ಆ ಕಡೆಯ ಕೇರಿಯಲ್ಲಿತ್ತು, ನಮ್ಮ ವಾಡೆಯಿಂದ ನಡೆದರೆ ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ನಾನು ಎಂದೂ ನಡೆದಿರಲಿಲ್ಲ. ನನ್ನಪ್ಪ ತನಗಿಂತ ಬರೀ ಐದು ವರ್ಷ ಚಿಕ್ಕವರಾದ ಅವರನ್ನು 'ಯಮನ್ಯಾ' ಎಂದು ಕೂಗುತ್ತಿದ್ದರು. ನಾನು 'ಬರ್ರಿ ಮಾಸ್ತರ್ರ' ಎನ್ನುತ್ತಿದ್ದೆ. ಆ ಒಂದು 'ರಿ' ಹಚ್ಚಿದ್ದಕ್ಕೇ ನನ್ನಂಥ ದೊಡ್ಡ ಮನಸ್ಸಿನವನು ಊರಲ್ಲಿಲ್ಲ ಎಂದು ಬೀಗಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಸವದತ್ತಿಗೆ ಹುಬ್ಬಳ್ಳಿ, ಬೆಳಗಾವಿಗಳಿಂದ ಸೈಕಲ್ಲಿನವರ ದೊಡ್ಡ ಗುಂಪು ಬರುತ್ತದೆ, ಎಲ್ಲಮ್ಮನ ಗುಡ್ಡದ ಹಿಂದಿನ ಕಚ್ಚಾ ದಾರಿ ಹಿಡಿದು ನವಿಲುತೀರ್ಥದ ಕಡೆ ಇಳಿಯುತ್ತದೆ, ನಾವೂ ಸೇರೋಣ ಎಂದು ಒಂದು ಚಳಿಗಾಲದಲ್ಲಿ ಮಹಾಂತೇಶ ಸುದ್ದಿ ತಂದ. ಮಾಸ್ತರರೂ ನಾಲ್ಕಾರು ಚಡ್ಡಿ ಹೊಲಿದುಕೊಂಡು ಬರಲಿ, ನೋಡಿದವರು ಬಿಡುವುದಿಲ್ಲ ಎಂದವನೂ ಅವನೇ. ಮಾಸ್ತರರ ಕಣ್ಣು ಅರಳಿತು. ರೆಡಿಮೇಡ್ ಅಂಗಡಿಗಳು ಬಂದು ಅವರ ಅಂಗಿ ಹೊಲಿಗೆ ನಿಂತಿತ್ತು. ಶಾಲೆಯ ಸಮವಸ್ತ್ರ ಯಾರೋ ಗುತ್ತಿಗೆದಾರರ ಪಾಲಾಗಿತ್ತು. ದಿನವೆಲ್ಲ ಹರಿದದ್ದು ಹೊಲಿಯುವುದು, ಸೀರೆಯ ಅಂಚು ಮಡಿಸುವುದು, ಅಷ್ಟೇ. ಹೊಲಿಗೆ ಬಿಟ್ಟು ಬೇರೆ ಗೊತ್ತಿಲ್ಲದ ಮನುಷ್ಯನಿಗೆ ಈ ಚಡ್ಡಿ ಕೊನೆಯ ದಾರಿಯಾಗಿತ್ತು. ಹದಿನೈದು ದಿನ ಕೂತು ಹನ್ನೆರಡು ಚಡ್ಡಿ ಹೊಲಿದರು. ಹೊರಡುವ ಮೊದಲು ನನ್ನ ಅಂಗಡಿಗೆ ಬಂದು, ಯಾರಿಲ್ಲದ ಹೊತ್ತು ನೋಡಿ, "ಸಾವಕಾರ್ರ, ನಂಗ ಆ ಮಂದಿ ಮುಂದ ಮಾತಾಡಾಕ ಬರೂದಿಲ್ಲ. ನೀವು ಒಂದ ಮಾತ ಹೇಳತೀರಿಲ್ಲ?" ಎಂದರು. ಹೇಳುತ್ತೇನೆ, ಅದೇನು ದೊಡ್ಡ ಮಾತು ಎಂದೆ.

ಇನ್ನು ಹೇಳಬೇಕಾದದ್ದನ್ನು ನಾನು ಮಹಾಂತೇಶನಿಗೂ ಈರಣ್ಣನಿಗೂ ಹೇಳಿಲ್ಲ. ಆ ದಿನ ಮುಂಜಾನೆ ಮನೆಯಲ್ಲಿ ತಯಾರಾಗುವಾಗ ಗಡ್ಡದ ಬ್ಲೇಡು ತೆಗೆದುಕೊಂಡು ನನ್ನ ಚಡ್ಡಿಯ ಒಳಗಿನ ಚೀಟಿಯನ್ನು ಕತ್ತರಿಸಿ ತೆಗೆದೆ. ಚುಚ್ಚುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವರ್ಷ ಚುಚ್ಚದಿದ್ದದ್ದು ಅಂದೇ ಯಾಕೆ ಚುಚ್ಚಿತು? ಅಲ್ಲಿ ಎಲ್ಲರೂ ಬಟ್ಟೆ ಬದಲಿಸುತ್ತಾರೆ, ಯಾರ ಕಣ್ಣಿಗಾದರೂ 'ಯಮನಪ್ಪ ಟೇಲರ್' ಬಿದ್ದರೆ ಎಂಬ ಅಳುಕು. ನಿಜ ಇಷ್ಟೇ. ಕರಿ ಪಟ್ಟಿ ಬಚ್ಚಲ ನೀರಿನೊಂದಿಗೆ ಹೋಯಿತು.

ಸವಾರಿ ಮುಗಿದು ಬೇವಿನ ಮರದ ಕೆಳಗೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರು. ಮಾಸ್ತರರು ಬೆಳಿಗ್ಗೆಯೇ ಟೆಂಪೋದಲ್ಲಿ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ನನ್ನಿಂದ ಹತ್ತು ಹೆಜ್ಜೆ ದೂರದ ಕಲ್ಲಿನ ಮೇಲೆ ಕೂತಿದ್ದರು. ಮಹಾಂತೇಶ, ಈರಣ್ಣ ಇನ್ನೂ ಹಿಂದೆ ಪಂಕ್ಚರ್ ತೆಗೆಯುತ್ತಿದ್ದರು. ಹುಬ್ಬಳ್ಳಿಯ ಗುಂಪಿನ ಮುಂದಾಳು ನನ್ನ ಪಕ್ಕದಲ್ಲಿದ್ದ. ಅವನ ಸೈಕಲ್ಲಿನ ಬೆಲೆ ನನ್ನದರ ಹತ್ತು ಪಟ್ಟು, ಮಾತೂ ಹಾಗೇ. ದಾರಿಯಲ್ಲಿ ಈರಣ್ಣ ಎಣ್ಣೆ ಡಬ್ಬಿ ಕತ್ತರಿಸಿ ಮಾಡಿಕೊಂಡಿದ್ದ ಮಡ್‌ಗಾರ್ಡ್ ನೋಡಿದ್ದನಂತೆ, ಅದನ್ನು ವರ್ಣಿಸಿ, ಹಳ್ಳಿ ಕಡೆಯವರ ತೇಪೆ ಕೆಲಸಕ್ಕೆ, ಈ ಜುಗಾಡಿಗೆ ಸಾಟಿಯಿಲ್ಲ ಎಂದು ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಆಮೇಲೆ ಅವನ ಕಣ್ಣು ನನ್ನ ಚಡ್ಡಿಯ ಮೇಲೆ ಬಿತ್ತು. ಬಾಗಿ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದ. ಇಂಥ ಹೊಲಿಗೆ ತಾನು ನೋಡಿಲ್ಲ, ಎಲ್ಲಿಯದು ಎಂದು ಕೇಳಿದ. ಹತ್ತು ಹೆಜ್ಜೆ ಆಚೆ ಮಾಸ್ತರರು ಚೀಲದ ಬಾಯಿಯ ಗಂಟಿಗೆ ಕೈ ಹಾಕಿದ್ದು ನನಗೆ ಕಂಡಿತು.

"ಪುಣೆದಿಂದ ತರಿಸೇನ್ರಿ. ಫಾರಿನ್ ಮಾಲು" ಎಂದೆ.

ಗಂಟಿನ ಮೇಲಿದ್ದ ಕೈ ಹಾಗೇ ನಿಂತಿತು. ಆ ಮುಂದಾಳಿಗೆ ಆಗಲೇ ಅವರತ್ತ ನೋಡಬೇಕೆನಿಸಿತೋ ಏನೋ, ಚೀಲದಲ್ಲಿ ಏನಿದೆ ಅಜ್ಜಾರ ಎಂದು ನಗುತ್ತ ಕೇಳಿದ. ಮಾಸ್ತರರು ಅವತ್ತು ಮೊದಲ ಸಲ ನನ್ನ ಭುಜ ಬಿಟ್ಟು ಮುಖ ನೋಡಿದರು.

"ಏನಿಲ್ರಿ. ನಮ್ಮ ಸಾವಕಾರ್ರ ಟಾವೆಲ್ಲು" ಎಂದರು.

ಹಾರಿಹೋಗಲಿದ್ದ ನನ್ನ ಮಾನ ಆ ಒಂದು ಮಾತಿನಿಂದ ಉಳಿಯಿತು. ಅವರ ಹದಿನೈದು ದಿನದ ದುಡಿಮೆ ನನ್ನ ಟಾವೆಲ್ಲಾಯಿತು. ಸಂಜೆ ಟೆಂಪೋದಲ್ಲಿ, ಎಷ್ಟು ಹೋದವು ಮಾಸ್ತರ್ರ ಎಂದು ಈರಣ್ಣ ಕೇಳಿದರೆ, ಅವರ ಹತ್ತಿರವೆಲ್ಲ ಮೊದಲೇ ಇವೆಯಂತೆ ಎಂದು ಅಲ್ಲೂ ನನ್ನನ್ನು ಕಾಪಾಡಿದರು. ರಾಮದುರ್ಗದವರೆಗೆ ಹತ್ತಿ ಬೆಳೆಯ ಬಗ್ಗೆ ಮಾತಾಡಿದರು. ನಾನು ಹೂಂ, ಹೂಂ ಎನ್ನುತ್ತ ಕತ್ತಲಾಗುವುದನ್ನೇ ಕಾದೆ.

ಜುಗಾಡ್ ಎಂದು ನಕ್ಕಾರೆಂದು ಹೆದರಿ ಹಾಗೆ ಅಂದೆನೇ? ಬಹಳ ದಿನ ಹಾಗೇ ಸಮಾಧಾನ ಮಾಡಿಕೊಂಡೆ. ಆದರೆ ಚೀಟಿ ಕತ್ತರಿಸುವಾಗ ಜುಗಾಡಿನ ಮಾತೇ ಎದ್ದಿರಲಿಲ್ಲ. ನನ್ನಪ್ಪನ ಬಾಯಲ್ಲಿ 'ಯಮನ್ಯಾ' ಆಗಿದ್ದದ್ದೇ ನನ್ನ ಬಾಯಲ್ಲಿ 'ಪುಣೆ' ಆಯಿತು. ಅಜ್ಜನ ಬಾವಿಯ ಚೀಲಕ್ಕೂ ನನ್ನ ಚಡ್ಡಿಗೂ ವ್ಯತ್ಯಾಸವೇನು? ಅಜ್ಜನಾದರೂ ಹೊಲಿದವನ ಹೆಸರು ಹೇಳಲಿಲ್ಲ, ಅಷ್ಟೇ. ನಾನು ಬ್ಲೇಡಿನಿಂದ ಕೆತ್ತಿ ತೆಗೆದೆ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆರು ತಿಂಗಳು ಅವರ ಅಂಗಡಿಯಿದ್ದ ಸಾಲಿನಲ್ಲಿ ಹಾಯಲಿಲ್ಲ, ಬೇರೆ ದಾರಿ ಸುತ್ತಿ ಬ್ಯಾಂಕಿಗೆ ಹೋದೆ. ಕೊನೆಗೆ ಗುಡ್ಡದಲ್ಲಿ ಬಿದ್ದು ಚಡ್ಡಿಯ ಹೊಲಿಗೆ ಹರಿದಾಗ ಬೇರೆ ಗತಿಯಿಲ್ಲದೆ ಹೋದೆ. ಮಷೀನಿನ ಮುಂದಿನ ಸ್ಟೂಲಿನ ಮೇಲೆ ಅವರು ಒಂದು ದಪ್ಪ ಮೆತ್ತೆ ಹಾಕಿಕೊಂಡು ಕೂತಿದ್ದರು. ಕರಿ, ನೀಲಿ ತುಂಡುಗಳನ್ನು ಒಂದರ ಮೇಲೊಂದು ಹೊಲಿದದ್ದು. ಆ ಹನ್ನೆರಡು ಚಡ್ಡಿಗಳ ಮೆತ್ತೆಗಳೆಂದು ನೋಡಿದ ಕೂಡಲೇ ತಿಳಿಯಿತು. ಎಂದಿನಂತೆ ಮಾತಾಡಿಸಿದರು. ಚಡ್ಡಿ ಒಳಮೈ ಮಾಡಿ ನೋಡುವಾಗ, ಚೀಟಿ ಇದ್ದಲ್ಲಿ ಉಳಿದಿದ್ದ ಎರಡು ಎಳೆ ದಾರದ ಮೇಲೆ ಅವರ ಬೆರಳು ನಿಂತಿತು. ಬಾಗಿ ಹಲ್ಲಿನಿಂದ ಆ ಎಳೆಗಳನ್ನು ಕಚ್ಚಿ ತೆಗೆದು ಜಾಗ ಶುಚಿ ಮಾಡಿದರು. ಆ ಸಂಕಟಕ್ಕೆ ನಾನು ಇನ್ನೊಂದು ಹೊಸ ಚಡ್ಡಿ ಹೊಲಿಯಲು ಹೇಳಿ ಬಂದೆ. ವಾರ ಬಿಟ್ಟು ಹೋದಾಗ ಕೊಟ್ಟದ್ದರಲ್ಲಿ ಚೀಟಿ ಇರಲಿಲ್ಲ. ನನ್ನ ಕೈ ಸೊಂಟದ ಪಟ್ಟಿಯ ಒಳಗೆ ತಡಕಾಡುವುದನ್ನು ಅವರು ನೋಡಿದರು.

"ಚುಚ್ಚತಿರಬೇಕು ಅಂತ ಚೀಟಿ ಹಚ್ಚಲಿಲ್ರಿ" ಎಂದರು.

ನನಗೆ ನಾನೇ ಹೇಳಿಕೊಂಡಿದ್ದ ಸುಳ್ಳು ಅವರಿಗೆ ಹೇಗೆ ಗೊತ್ತಾಯಿತು? ಅಥವಾ ಸಿಕ್ಕಿಬಿದ್ದವನಿಗೆ ಮುಖ ಮುಚ್ಚಿಕೊಳ್ಳಲು ಅವರೇ ಒಂದು ಬಟ್ಟೆ ಕೊಟ್ಟರೇ? ಕಾಲು ಹಿಡಿಯಬೇಕಾದ ಹೊತ್ತು ಅದು. ನಾನು, ಹೌದ್ರಿ, ಸ್ವಲ್ಪ ಚುಚ್ಚತಿತ್ತು ಎಂದು ಹೇಳಿ ಪುರಸಭೆಯ ನಳದ ಬಗ್ಗೆ ಮಾತು ತೆಗೆದೆ.

ಕೊನೆಯ ಭೇಟಿ ಅವರ ಮನೆಯಲ್ಲಿ. ಕೈ ನಡುಗತೊಡಗಿ, ಕಣ್ಣು ಮಂಜಾಗಿ, ಅಂಗಡಿ ಮುಚ್ಚಿದ್ದರು. ಕಫ ಬಿಡುತ್ತಿಲ್ಲ, ಬಹಳ ದಿನವಿಲ್ಲ ಎಂದು ಮಹಾಂತೇಶ ಹೇಳಿದ ಮೇಲೆ ಆ ಹತ್ತು ನಿಮಿಷದ ದಾರಿಯನ್ನು ಮೊದಲ ಸಲ ನಡೆದೆ. ಚೀಟಿಯಿಲ್ಲದ ಆ ಹೊಸ ಚಡ್ಡಿ ನನ್ನ ಚೀಲದಲ್ಲಿತ್ತು. ಅವರು ಹೊರಸಿನ ಮೇಲೆ ಗೋಡೆಗೊರಗಿ ಕೂತಿದ್ದರು. ಹೆಂಡತಿ ಚಹ ತಂದುಕೊಟ್ಟರು. ಕುಡಿದು ಕಪ್ಪು ಕೆಳಗಿಟ್ಟು, ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿದೆ.

"ಮಾಸ್ತರ್ರ, ಚೀಟಿ ಚುಚ್ಚತಿರಲಿಲ್ರಿ. ಆ ದಿನಾ ಸವದತ್ಯಾಗ ನಾ ನಿಮ್ಮ ಹೆಸರ ನುಂಗಿದೆ."

ಅವರು, ಮೆತ್ತೆ ಸರಿಯಾಗಿ ಕೂತಿದೆಯೇ, ಎಲುಬಿಗೆ ಒತ್ತುವುದಿಲ್ಲವಲ್ಲ ಎಂದು ಕೇಳಿದರು. ಚೀಲದಿಂದ ಚಡ್ಡಿ ತೆಗೆದು ಅವರ ತೊಡೆಯ ಮೇಲಿಟ್ಟು, ಚೀಟಿ ಹಚ್ಚಿಕೊಡಿ ಎಂದು ಬೇಡಿದೆ. ಹೆಂಡತಿಗೆ ಹೇಳಿ ತಗಡಿನ ಡಬ್ಬಿ ತರಿಸಿದರು. ಅದರ ತುಂಬ ಕರಿ ಪಟ್ಟಿಗಳು, ಇನ್ನೂ ನೂರಾರು. ಸೂಜಿ ಪೋಣಿಸಿಕೊಡಲು ನನಗೆ ಹೇಳಿದರು. ಕೊಟ್ಟೆ. ಒಂದು ಅಂಚು ಹೊಲಿದರು. ಇನ್ನೊಂದು ಅಂಚು ಹೊಲಿಯುವ ಹೊತ್ತಿಗೆ ಪಟ್ಟಿ ವಾರೆಯಾಗಿತ್ತು. ಹೆಬ್ಬೆರಳಿನಿಂದ ಸವರಿ ನೋಡಿ, ಚಡ್ಡಿಯನ್ನು ನನ್ನ ಕೈಗೆ ಕೊಟ್ಟರು.

"ಸೊಟ್ಟ ಆತ್ರಿ. ಬಿಚ್ಚರಿ."

ಇರಲಿ ಬಿಡಿ, ಸೊಟ್ಟವಾದರೂ ನಡೆಯುತ್ತದೆ ಎಂದೆ.

"ನನಗ ನಡಿಯೂದಿಲ್ರಿ. ನನ್ನ ಹೆಸರ ಸೊಟ್ಟ ಹಚ್ಚಾಕ ನಾ ಒಲ್ಲೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರ ಕಣ್ಣೆದುರಿಗೇ ನಾನು ಒಂದೊಂದೇ ಹೊಲಿಗೆ ಬಿಚ್ಚಿದೆ. ಎರಡನೆಯ ಸಲ ಅವರ ಚೀಟಿಯನ್ನು ತೆಗೆದದ್ದೂ ನನ್ನ ಕೈಯೇ. ಅವರು ಅದನ್ನು ಇಸಿದುಕೊಂಡು, ಚಾಚಿ ನೇರ ಮಾಡಿ, ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ಕೈಸೋತು ಬಿಟ್ಟರೋ, ನನಗೆ ಕೊಡಲು ಮನಸ್ಸಾಗಲಿಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ. ಆ ತಿಂಗಳೇ ತೀರಿಕೊಂಡರು.

ಮೊನ್ನೆ ಬೈಲಹೊಂಗಲದಿಂದ ಕಿತ್ತೂರಿಗೆ ಹೊಲದ ದಾರಿ ಹಿಡಿದು ಹೊರಟಿದ್ದೆವು. ಬೈಲಹೊಂಗಲದ ಒಬ್ಬ ಹುಡುಗಿ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಹೊಸದಾಗಿ ನಮ್ಮ ಜೊತೆ ಸೇರಿದ್ದಳು. ಕೋಟೆಯ ಹತ್ತಿರ ಚಹ ಕುಡಿಯುವಾಗ, ಇಷ್ಟು ದೂರ ಬಂದರೂ ನಿಮಗ್ಯಾರಿಗೂ ಕೂತು ನೋವಾಗುವುದಿಲ್ಲವೇ ಎಂದು ಕೇಳಿದಳು. ನಾನು ಎಲ್ಲರಿಗಿಂತ ಮುಂಚೆ, ನಾಲ್ಕು ಜನಕ್ಕೆ ಕೇಳುವಂತೆ ಹೇಳಿದೆ: ಇವು ರಾಮದುರ್ಗದ ಯಮನಪ್ಪ ಮಾಸ್ತರರು ಹೊಲಿದ ಚಡ್ಡಿ, ಅಂಥ ಕೈ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಪರಾತದ ಉಸುಕು, ಹಲ್ಲಿನ ಕಚ್ಚು, ಪೈಜಾಮದ ಚಿಮಟಿಗೆ ಎಲ್ಲ ಹೇಳಿದೆ. ಮಹಾಂತೇಶ ಹೆಮ್ಮೆಯಿಂದ ತನ್ನ ಸೊಂಟದ ಪಟ್ಟಿ ಹೊರಮಡಿಸಿ ಚೀಟಿ ತೋರಿಸಿದ. ಬಣ್ಣ ಮಾಸಿದ್ದರೂ ಅಕ್ಷರ ಓದುವಂತಿತ್ತು. ಈರಣ್ಣನೂ ತೋರಿಸಿದ. ಅವಳು ಎರಡನ್ನೂ ಓದಿ ನನ್ನ ಕಡೆ ತಿರುಗಿದಳು. ನಾನು ಪಟ್ಟಿ ಹೊರಮಡಿಸಿದೆ. ಅಲ್ಲಿ ಸೂಜಿಯ ನಾಲ್ಕು ತೂತು ಬಿಟ್ಟರೆ ಏನೂ ಇರಲಿಲ್ಲ.

"ಮತ್ತ ನಿಮ್ಮದು ಯಾರು ಹೊಲದದ್ದ್ರಿ ಅಂಕಲ್?" ಎಂದು ಕೇಳಿದಳು.